ನಾಯಿಗೆ ಗೆಣಸು ಹಾಕ್ರಿ, ಆದ್ರೆ ಬೇಯಿಸಿ ಹಾಕ್ರಿ

ಚಿತ್ತವಾಡ್ಗಿ ಸುತ್ತಿನ ಕಬ್ಬು, ಬಾಳೆ ತೋಟಗಳಲ್ಲಿ ರಾತ್ರಿಯೆಲ್ಲಾ ಎಚ್ಚರ ಇರೋದು ನಾಯಿ. ಅದರ ಊಟಕ್ಕೆ ಮಾತ್ರ ನಮ್ಮದು ಒಂದೇ ಲೆಕ್ಕ: "ನಾಯಿಗೇನು, ಏನು ಹಾಕಿದ್ರೂ ನಡೀತೈತಿ." ಈ ಮಾತು ಬಿಡಬೇಕು.

ನಾಯಿಗೆ ಪಿಷ್ಟ ಜೀರ್ಣ ಆಗೋದಿಲ್ಲ ಅನ್ನೋದೂ ತಪ್ಪು. ಮನುಷ್ಯರ ಜೊತೆ ಬದುಕುತ್ತಾ ನಾಯಿಗಳು ತೋಳಗಳಿಗಿಂತ ಚೆನ್ನಾಗಿ ಪಿಷ್ಟ ಅರಗಿಸಿಕೊಳ್ಳುವಂತೆ ಬದಲಾಗಿವೆ ಎಂದು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿದೆ. ಹಾಗಾಗಿ ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿದ ಸಿಹಿಗೆಣಸು, ಆಲೂಗಡ್ಡೆ ಸ್ವಲ್ಪ ಕೊಡಬಹುದು. ಉಪ್ಪು, ಖಾರ, ಎಣ್ಣೆ, ಬೆಲ್ಲ ಬೇಡ.

ತೊಂದರೆ ಬರೋದು ನಾವು ತಿನ್ನದೆ ಎಸೆಯೋದರಿಂದ. ಹಸಿರು ತಿರುಗಿದ, ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೋಲನೈನ್ ಎಂಬ ವಿಷ ಹೆಚ್ಚುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗೋದಿಲ್ಲ. ಹಸಿ ಮರಗೆಣಸಿನಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇದೆ. ಹಸಿ ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆಯ ಆಕ್ಸಲೇಟ್ ಹರಳುಗಳು ಬಾಯಿ, ಗಂಟಲು ಉರಿಸುತ್ತವೆ. ಇವನ್ನೆಲ್ಲ ನಾಯಿಗೆ ಸಿಗುವಂತೆ ತಿಪ್ಪೆಗೆ ಎಸೆಯಬೇಡಿ, ಮಣ್ಣಲ್ಲಿ ಮುಚ್ಚಿ.

ಉಳಿದ ಆಲೂಗಡ್ಡೆ ಪಲ್ಯವನ್ನಂತೂ ಹಾಕಲೇಬಾರದು. ಅದರಲ್ಲಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಲಕ್ಷಣ ಕಾಣೋದು ಕೆಲವು ದಿನ ಆದ ಮೇಲೆ. ಅಷ್ಟೊತ್ತಿಗೆ ಏನು ತಿಂದಿತ್ತು ಅನ್ನೋದೇ ಮನೆಯವರಿಗೆ ಮರೆತಿರುತ್ತದೆ.

ಇನ್ನೊಂದು ಮಾತು. ನಮ್ಮ ತೋಟದ ನಾಯಿಗಳ ಊಟ ಬಹುಪಾಲು ಜೋಳದ ರೊಟ್ಟಿ, ಅನ್ನ. ಅದರ ಮೇಲೆ ಗೆಣಸು ಹಾಕಿದರೆ ಪಿಷ್ಟದ ಮೇಲೆ ಪಿಷ್ಟ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತೋದಿಲ್ಲ. ಗೆಣಸು ಕೊಟ್ಟ ದಿನ ರೊಟ್ಟಿ ಕಡಿಮೆ ಮಾಡಿ, ಬೇಯಿಸಿದ ಮೊಟ್ಟೆಯನ್ನೋ ಮೂಳೆ ತೆಗೆದ ಮಾಂಸವನ್ನೋ ಸೇರಿಸಿ. ಗೆಣಸಿನಂಥ ಹೆಚ್ಚುವರಿ ತಿನಿಸು ದಿನದ ಊಟದ ಹತ್ತನೇ ಒಂದು ಭಾಗ ದಾಟಬಾರದು. ಮೊದಲ ಸಲ ಒಂದು ಚಮಚ ಕೊಟ್ಟು, ಮರುದಿನ ಭೇದಿ ಆಗಿಲ್ಲ ಅಂದ್ರೆ ಮುಂದುವರಿಸಿ.

ವಾಂತಿ, ಜೊಲ್ಲು, ನಡುಕ, ಒಸಡು ಬಿಳಿಚಿಕೊಳ್ಳೋದು ಕಂಡರೆ ಮನೆಮದ್ದು ಮಾಡ್ತಾ ಕೂಡಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದೂ ಬೇಡ. ತಿಂದದ್ದರ ಒಂದು ತುಂಡು ಹಿಡಿದುಕೊಂಡು ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ಎತ್ತಿಗೆ ಹುಷಾರಿಲ್ಲ ಅಂದ್ರೆ ಓಡ್ತೀವಲ್ಲ, ತೋಟ ಕಾಯೋ ನಾಯಿಗೂ ಅಷ್ಟು ಮಾಡೋಣ.