ಅಂಗಡಿ ನಮ್ಮದು, ಪುಟ ಯಾರದು?

ಕಳೆದ ದೀಪಾವಳಿಗೆ ಹನ್ನೆರಡು ದಿನ ಉಳಿದಿದ್ದಾಗ ಉಮರ್ಗಾದ ಬಟ್ಟೆ ವ್ಯಾಪಾರಿಯೊಬ್ಬರು ನನ್ನ ಕಚೇರಿಗೆ ಬಂದರು. ಅವರ ಮಕ್ಕಳಿಬ್ಬರೂ ಕನ್ನಡ ಶಾಲೆಯಲ್ಲಿ ಓದುತ್ತಿರುವುದರಿಂದ ನಮ್ಮಿಬ್ಬರ ಪರಿಚಯ ಹಳೆಯದು. ಕುಳಿತವರೇ ಮೊಬೈಲನ್ನು ಮೇಜಿನ ಮೇಲಿಟ್ಟು, "ವಕೀಲಸಾಹೇಬ್ರ, ಅಂಗಡಿ ಕೀಲಿ ನನ್ನ ಕಿಸೇದಾಗ ಅದ, ಆದ್ರ ಅಂಗಡಿ ಹೆಸರು ಬ್ಯಾರೆಯವರ ಕೈಯಾಗ ಹೋಗ್ಯಾದ" ಎಂದರು.

ನಡೆದದ್ದು ಇಷ್ಟು. ಮೂರು ವರ್ಷಗಳ ಹಿಂದೆ ಅವರು ತಮ್ಮ ಅಂಗಡಿಯ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಪ್ರಚಾರವನ್ನು ದೊಡ್ಡ ನಗರದ ಏಜೆನ್ಸಿಯೊಂದಕ್ಕೆ ವಹಿಸಿದ್ದರು. ಪುಟವನ್ನು ತೆರೆದವನು ಏಜೆನ್ಸಿಯ ನೌಕರ. ಬಳಸಿದ್ದು ಅವನ ಮೊಬೈಲ್ ಸಂಖ್ಯೆ, ಅವನ ಇ-ಮೇಲ್. ತಿಂಗಳಿಗೊಮ್ಮೆ ಹಣ ಹೋಗುತ್ತಿತ್ತು, ಸೀರೆಗಳ ಚಿತ್ರ ಬರುತ್ತಿತ್ತು, ಗಿರಾಕಿಗಳೂ ಬರುತ್ತಿದ್ದರು. ಜಾಹೀರಾತಿಗೆಂದು ಕೊಟ್ಟ ಹಣದಲ್ಲಿ ನಿಜವಾಗಿ ಖರ್ಚಾದುದೆಷ್ಟು ಎಂದು ಇವರು ಲೆಕ್ಕ ಕೇಳಿದರು. ಉತ್ತರ ಬರಲಿಲ್ಲ. ಎರಡು ತಿಂಗಳ ಹಣ ತಡೆಹಿಡಿದರು. ಮಾರನೆಯ ವಾರ ಪುಟದ ಮೇಲಿದ್ದ ಇವರ ದೂರವಾಣಿ ಸಂಖ್ಯೆ ಮಾಯವಾಯಿತು. ಗಿರಾಕಿಗಳು ಬರೆದ ಸಂದೇಶಗಳು ಏಜೆನ್ಸಿಯ ಪೆಟ್ಟಿಗೆಯಲ್ಲಿ ಬಿದ್ದುಕೊಂಡವು. ಹಬ್ಬದ ಮಾಲು ಅಂಗಡಿಯಲ್ಲಿ ಗಂಟು ಬಿಚ್ಚದೆ ಕುಳಿತಿತ್ತು.

ಕರಾರುಪತ್ರವಿದೆಯೇ ಎಂದು ಕೇಳಿದೆ. ಇರಲಿಲ್ಲ. ಹಾಗೆಂದು ಕರಾರೇ ಇರಲಿಲ್ಲವೆಂದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 10ನೆಯ ಕಲಮಿನ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯುಂಟು. ವಾಟ್ಸಾಪ್ ಸಂದೇಶಗಳನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಕೇಳುವ ಪ್ರಮಾಣಪತ್ರದೊಡನೆ ನ್ಯಾಯಾಲಯದ ಮುಂದಿಡಲೂ ಬರುತ್ತದೆ. ತೊಡಕು ಬೇರೆ ಕಡೆ ಇತ್ತು. ಅದೇ ಕರಾರು ಕಾಯ್ದೆಯ 221ನೆಯ ಕಲಮು ಹೇಳುವುದೇನೆಂದರೆ, ತನಗೆ ಬರಬೇಕಾದ ಹಣ ಸಂದಾಯವಾಗುವವರೆಗೆ ಪ್ರತಿನಿಧಿಯು ತನ್ನ ಕೈಗೆ ಬಂದಿರುವ ಯಜಮಾನನ ಸ್ವತ್ತನ್ನು ಇಟ್ಟುಕೊಳ್ಳಬಹುದು. ವಿರುದ್ಧವಾದ ಕರಾರು ಇಲ್ಲದಿದ್ದರೆ ಮಾತ್ರ. ಏಜೆನ್ಸಿಯ ವಕೀಲರು ಈ ಕಲಮನ್ನೇ ಎತ್ತಿ ಹಿಡಿದರು. ನಾನು 213ನೆಯ ಕಲಮನ್ನು ಹಿಡಿದೆ: ಯಜಮಾನನು ಕೇಳಿದಾಗ ಪ್ರತಿನಿಧಿಯು ಸರಿಯಾದ ಲೆಕ್ಕ ಒಪ್ಪಿಸಲೇಬೇಕು. ಇಂಥ ಏಜೆನ್ಸಿಯು ಕಾಯ್ದೆಯ ಅರ್ಥದಲ್ಲಿ ಪ್ರತಿನಿಧಿ ಹೌದೋ ಅಲ್ಲವೋ ಎಂಬುದೇ ವಾದಿಸಬಹುದಾದ ಸಂಗತಿ. ನೋಟೀಸು, ಮರುನೋಟೀಸುಗಳ ನಡುವೆ ದೀಪಾವಳಿ ಕಳೆಯಿತು. ಕಡೆಗೆ ಬಾಕಿಯ ಅರ್ಧ ಕೊಟ್ಟು ಪುಟವನ್ನು ಬಿಡಿಸಿಕೊಂಡೆವು. ವಕೀಲನಾಗಿ ಇದನ್ನು ಗೆಲುವೆಂದು ಹೇಳಿಕೊಳ್ಳಲು ನನಗೆ ಸಂಕೋಚ.

ಗ್ರಾಹಕರ ಆಯೋಗಕ್ಕೆ ಹೋಗಬಾರದಿತ್ತೇ ಎಂದು ಹಲವರು ಕೇಳಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವನು ಗ್ರಾಹಕನೆನಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆಂದೇ ಪಡೆದಿದ್ದರೆ ವಿನಾಯಿತಿಯಿದೆ. ಆದರೆ ನಾಲ್ಕು ಜನ ಆಳುಗಳಿರುವ ಅಂಗಡಿಗೆ ಆ ವಿನಾಯಿತಿಯನ್ನು ಒಪ್ಪಿಸುವುದು ಸುಲಭವಲ್ಲ.

ಈ ಅಂಕಣವನ್ನು ಓದುವ ಪಾಲಕರಲ್ಲಿ ಅನೇಕರು ವ್ಯಾಪಾರಸ್ಥರೆಂದು ಬಲ್ಲೆ. ಕಿರಾಣಿ, ಔಷಧ, ಬಟ್ಟೆ, ಬೀಜ ಗೊಬ್ಬರ, ಖಾನಾವಳಿ, ಕೋಚಿಂಗ್ ಕ್ಲಾಸು. ಅವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಏಜೆನ್ಸಿ ನಿಮಗೆ ಬೇಕೇ? ಓಣಿಯ ಗಿರಾಕಿಗಳನ್ನೇ ನಂಬಿದ ಕಿರಾಣಿ ಅಂಗಡಿಗೆ ಬೇಡ. ವಾಟ್ಸಾಪ್ ಬಿಸಿನೆಸ್ ಪುಕ್ಕಟೆ. ಗೂಗಲ್ ನಕ್ಷೆಯ ಮೇಲೆ ಅಂಗಡಿಯ ಹೆಸರು, ಸಮಯ, ದೂರವಾಣಿ ತೋರಿಸುವ ಬಿಸಿನೆಸ್ ಪ್ರೊಫೈಲ್ ಕೂಡ ಪುಕ್ಕಟೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಒಂದು ಭಾನುವಾರದ ಕೆಲಸ. ದೂರದ ಊರಿನಿಂದ ಗಿರಾಕಿ ಬರಬೇಕಾದ ವ್ಯಾಪಾರಕ್ಕೆ, ಮದುವೆಯ ಜವಳಿಗೆ, ಬಂಗಾರದ ಅಂಗಡಿಗೆ, ಹೆದ್ದಾರಿಯ ಹೋಟೆಲಿಗೆ ಮಾತ್ರ ಹೊರಗಿನವರ ನೆರವು ಸಾರ್ಥಕವೆಂದು ನನ್ನ ಅನಿಸಿಕೆ.

ಬೇಕೆಂದಾದರೆ, ಏಜೆನ್ಸಿ ಹುಡುಕುವುದಕ್ಕಿಂತ ಮೊದಲು ಪುಟವನ್ನು ನೀವೇ ತೆರೆಯಿರಿ. ಹೊಲ ಕೊಳ್ಳುವಾಗ ಸಾತಬಾರಾ ಉತಾರದ ಮೇಲೆ ಯಾರ ಹೆಸರಿದೆಯೆಂದು ತಲಾಠಿಯ ಕಚೇರಿಗೆ ಹತ್ತು ಸಲ ಅಲೆಯುವ ನಾವು, ಪುಟದ ಉತಾರ ಯಾರ ಹೆಸರಿನಲ್ಲಿದೆ ಎಂದು ಒಮ್ಮೆಯೂ ನೋಡುವುದಿಲ್ಲ. ನಿಮ್ಮ ಸಂಖ್ಯೆ, ನಿಮ್ಮ ಇ-ಮೇಲ್ ಬಳಸಿ ತೆರೆದ ಪುಟದಲ್ಲಿ ಪೂರ್ಣ ನಿಯಂತ್ರಣ ನಿಮ್ಮದೇ ಆಗಿರುತ್ತದೆ. ಏಜೆನ್ಸಿಗೆ ಬರೆಯುವ, ಜಾಹೀರಾತು ಹಾಕುವ ಅಧಿಕಾರವನ್ನಷ್ಟೇ ಪಾಲುದಾರನೆಂದು ಸೇರಿಸಿ ಕೊಡಬಹುದು, ಬೇಡವಾದ ದಿನ ತೆಗೆಯಬಹುದು. ಇದಕ್ಕೆ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ. ಪಾಸ್‌ವರ್ಡನ್ನೋ ಓಟಿಪಿಯನ್ನೋ ಕೇಳುವ ಏಜೆನ್ಸಿಗೆ ಕೆಲಸ ಗೊತ್ತಿಲ್ಲ, ಇಲ್ಲವೆ ಮನಸ್ಸು ಸರಿಯಿಲ್ಲ. ಗೂಗಲಿನಲ್ಲಿಯೂ ಹೀಗೆಯೇ: ಪ್ರಾಥಮಿಕ ಮಾಲೀಕರು ನೀವು, ಅವರು ಬರಿಯ ವ್ಯವಸ್ಥಾಪಕರು.

ಹಣದ ವಿಷಯದಲ್ಲಿ ಎರಡು ಚೀಲಗಳಿವೆ. ಒಂದು ಏಜೆನ್ಸಿಯ ಶುಲ್ಕ, ಇನ್ನೊಂದು ಫೇಸ್‌ಬುಕ್ಕಿಗೋ ಗೂಗಲಿಗೋ ಸಲ್ಲುವ ಜಾಹೀರಾತಿನ ಹಣ. ಎರಡನ್ನೂ ಒಂದೇ ಮೊತ್ತವಾಗಿ ಕೇಳುವವರು ಬಹಳ. ಜಾಹೀರಾತಿನ ಹಣ ನಿಮ್ಮ ಖಾತೆಯಿಂದ ನೇರವಾಗಿ ಹೋಗಲಿ, ರಸೀದಿ ನಿಮ್ಮ ಹೆಸರಿಗೆ ಬರಲಿ. ನನ್ನ ಕಕ್ಷಿದಾರರ ಜಗಳವೆಲ್ಲ ಹುಟ್ಟಿದ್ದು ಇದೊಂದನ್ನು ಮಾಡದೆ ಹೋದದ್ದರಿಂದ. ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಹಾಕಿದರೆ ನೋಂದಣಿ ಸಂಖ್ಯೆಯಿರುವ ಬಿಲ್ಲು ಕೇಳಿ ಪಡೆಯಬೇಕು.

ಅವರು ತೋರಿಸುವ ಹಿಂಬಾಲಕರ ಸಂಖ್ಯೆಗೆ ಮರುಳಾಗಬೇಡಿ. ಹಿಂಬಾಲಕರನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಆ ಹಿಂಬಾಲಕರು ನಿಲಂಗಾಕ್ಕೆ ಬಂದು ಒಂದು ಚಪ್ಪಲಿಯನ್ನೂ ಕೊಳ್ಳರು. ಅವರ ಹಳೆಯ ಗಿರಾಕಿಗಳಲ್ಲಿ ಇಬ್ಬರ ಹೆಸರು ಕೇಳಿ, ನೀವೇ ದೂರವಾಣಿ ಮಾಡಿ: ಎಷ್ಟು ಕರೆಗಳು ಬಂದವು, ಕೆಲಸ ಬಿಟ್ಟಾಗ ಪುಟವನ್ನು ಸಲೀಸಾಗಿ ಬಿಟ್ಟುಕೊಟ್ಟರೇ? ಕೆಲಸ ಬಿಟ್ಟವರನ್ನು ಕೇಳುವುದು ಮುಖ್ಯ. ಇರುವವರು ದಾಕ್ಷಿಣ್ಯಕ್ಕೆ ಹೊಗಳುತ್ತಾರೆ.

ಇನ್ನು ನಮ್ಮ ಗಡಿಯದೇ ಒಂದು ಮಾತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹ್ಮದಪುರ ತಾಲ್ಲೂಕುಗಳು ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ಜನರ ಓಡಾಟ ಅದಕ್ಕೆ ನಿಲ್ಲಲಿಲ್ಲ. ಉದಗೀರದ ಪೇಟೆಗೆ ಇಂದಿಗೂ ಔರಾದ, ಭಾಲ್ಕಿ ಕಡೆಯವರು ಬರುತ್ತಾರೆ. ಉಮರ್ಗಾಕ್ಕೆ ಬಸವಕಲ್ಯಾಣ, ಆಳಂದ ಕಡೆಯವರು. ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಕುಳಿತು ಜಾಹೀರಾತು ಹಾಕುವ ಹುಡುಗನು 'ಮಹಾರಾಷ್ಟ್ರ' ಎಂದು ಆರಿಸಿದನೆಂದರೆ ನಿಮ್ಮ ಅರ್ಧ ಗಿರಾಕಿಗಳು ಹೊರಗುಳಿದರು. ರಾಜ್ಯವನ್ನು ಆರಿಸುವ ಬದಲು ಊರನ್ನು ನಡುವಿಟ್ಟು ಇಷ್ಟು ಕಿಲೋಮೀಟರ್ ಸುತ್ತಳತೆ ಎಂದು ಹಾಕುವ ಸೌಕರ್ಯವಿದೆ. ಆ ವರ್ತುಲ ಗಡಿಯನ್ನು ಲೆಕ್ಕಿಸುವುದಿಲ್ಲ.

ಭಾಷೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಫೇಸ್‌ಬುಕ್ಕಿನಲ್ಲಿ 'ಕನ್ನಡ ಬಲ್ಲವರಿಗೆ ತೋರಿಸು' ಎಂದು ಆರಿಸಿದರೆ ಅದು ಮುಖ್ಯವಾಗಿ ನೋಡುವುದು ಅವರ ಮೊಬೈಲಿನಲ್ಲಿ ಆ ತಾಣದ ಭಾಷೆ ಯಾವುದೆಂದು. ನಮ್ಮಲ್ಲಿ ಮನೆಯ ತುಂಬ ಕನ್ನಡ ಮಾತಾಡುವವರ ಮೊಬೈಲೂ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರುತ್ತದೆ. ಆದ್ದರಿಂದ ಭಾಷೆಯ ಜಾಲರಿ ಹಾಕದಿರುವುದೇ ಲೇಸು. ಜೊತೆಗೆ, ಮರಾಠಿ ಶಾಲೆಯಲ್ಲಿ ಕಲಿತ ನಮ್ಮವರು ಎಷ್ಟೋ ಮಂದಿಗೆ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅಂಥವರಿಗೆ ಕನ್ನಡದ ಧ್ವನಿ, ಕೆಳಗೆ ಮರಾಠಿಯ ಅಕ್ಷರ ಇರುವ ಚಿಕ್ಕ ವಿಡಿಯೋ ತಲುಪುತ್ತದೆ. ಬರಿಯ ಕನ್ನಡ ಲಿಪಿಯ ಚಿತ್ರ ತಲುಪದು. ಇದನ್ನು ನಗರದ ಏಜೆನ್ಸಿ ತಾನಾಗಿ ತಿಳಿಯಲಾರದು, ನೀವು ಹೇಳಬೇಕು. ಹೇಳಿದಾಗ ಅವರು ಬರೆದುಕೊಳ್ಳುತ್ತಾರೋ, ತಲೆಯಾಡಿಸಿ ಸುಮ್ಮನಾಗುತ್ತಾರೋ ನೋಡಿ.

ಒಪ್ಪುವ ಮೊದಲು ಒಂದು ಕನ್ನಡದ, ಒಂದು ಮರಾಠಿಯ ಮಾದರಿ ಬರಹ ಮಾಡಿಸಿ, ಕನ್ನಡದ್ದನ್ನು ಏಳನೆಯ ತರಗತಿಯ ನಿಮ್ಮ ಮಗುವಿಗೆ ಗಟ್ಟಿಯಾಗಿ ಓದಲು ಕೊಡಿ. ಯಂತ್ರಾನುವಾದದ ಕನ್ನಡವಾದರೆ ಮಗು ಎರಡನೆಯ ಸಾಲಿಗೇ ನಗುತ್ತದೆ. ನನ್ನ ಕಕ್ಷಿದಾರರ ಪುಟದಲ್ಲಿ ಮೂರು ವರ್ಷ ಬಂದ ಕನ್ನಡವನ್ನು ಅವರ ಮಗಳಿಗೆ ಯಾರೂ ತೋರಿಸಿರಲಿಲ್ಲ. ಈಗ ತೋರಿಸಿದಾಗ 'ಶುದ್ಧ ರೇಷ್ಮೆ' ಎಂಬುದರಲ್ಲಿಯೇ ಎರಡು ತಪ್ಪು ಹಿಡಿದಳು. ಅಂಗಡಿಯ ಹೊರಗಿನ ಫಲಕದ ಮಾತು ಬೇರೆ: ಮಹಾರಾಷ್ಟ್ರದ ಕಾನೂನಿನಂತೆ ಅದರಲ್ಲಿ ದೇವನಾಗರಿ ಮರಾಠಿ ಇರಲೇಬೇಕು, ಬೇರೆ ಲಿಪಿಯ ಅಕ್ಷರಗಳಿಗಿಂತ ಚಿಕ್ಕದಾಗಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಪಾಲಿಸಲು ಎರಡು ತಿಂಗಳ ಗಡುವು ಕೊಟ್ಟಿತ್ತು. ಮರಾಠಿಯ ಜೊತೆಗೆ ಕನ್ನಡ ಬರೆಸುವುದಕ್ಕೆ ಅಡ್ಡಿಯಿಲ್ಲ.

ಏನು ಬರೆಯುತ್ತಾರೆ ಎಂಬುದರ ಹೊಣೆಯೂ ನಿಮ್ಮದೇ. 'ಏಜೆನ್ಸಿಯವರು ಹಾಕಿದರು' ಎಂಬ ಉತ್ತರ ನಡೆಯುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಕಾಯ್ದೆಯ 21ನೆಯ ಕಲಮಿನಡಿ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವುಂಟು. ಲಾತೂರು, ಉದಗೀರಗಳ ಕೋಚಿಂಗ್ ನಡೆಸುವವರು ವಿಶೇಷವಾಗಿ ಗಮನಿಸಬೇಕು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗೆ 2024ರ ನವೆಂಬರಿನಲ್ಲಿ ಹೊರಟ ಮಾರ್ಗಸೂಚಿಯಂತೆ, ವಿದ್ಯಾರ್ಥಿಯ ಹೆಸರು ಮತ್ತು ಭಾವಚಿತ್ರವನ್ನು ಲಿಖಿತ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಆ ಒಪ್ಪಿಗೆಯನ್ನು ಮಗು ಯಶಸ್ಸು ಪಡೆದ ಮೇಲೆ ಪಡೆಯಬೇಕು, ಪ್ರವೇಶದ ಅರ್ಜಿಯ ಜೊತೆಗೇ ಸಹಿ ಮಾಡಿಸಿಕೊಂಡರೆ ಸಾಲದು. ಪಾಲಕರಾಗಿಯೂ ಇದನ್ನು ನೆನಪಿಡಬಹುದು. ಗೂಗಲಿನಲ್ಲಿ ಐದು ನಕ್ಷತ್ರದ ಖೋಟಾ ಅಭಿಪ್ರಾಯಗಳನ್ನು ಬರೆಸಿಕೊಡುತ್ತೇವೆ ಎನ್ನುವ ಏಜೆನ್ಸಿಯನ್ನು ಬಾಗಿಲಿನಿಂದಲೇ ಕಳಿಸಿ.

ಕರಾರುಪತ್ರ ಎರಡು ಪುಟವಿದ್ದರೆ ಸಾಕು. ಮಹಾರಾಷ್ಟ್ರದಲ್ಲಿ ಮೊದಲು 100 ರೂಪಾಯಿಯ ಛಾಪಾ ಕಾಗದದ ಮೇಲೆ ಬರೆಯುತ್ತಿದ್ದ ಇಂಥ ಕರಾರುಗಳಿಗೆ 2024ರ ಅಕ್ಟೋಬರಿನಿಂದ 500 ರೂಪಾಯಿಯದು ಬೇಕು. ಪುಟ, ಖಾತೆ, ಗಿರಾಕಿಗಳ ಸಂಖ್ಯೆಗಳು, ಸಂದೇಶಗಳು ಅಂಗಡಿಯವರ ಸ್ವತ್ತು. ಶುಲ್ಕ ಬಾಕಿಯಿದ್ದರೂ ಅವುಗಳನ್ನು ತಡೆಹಿಡಿಯುವ ಹಕ್ಕು ಏಜೆನ್ಸಿಗಿಲ್ಲ ಎಂಬ ಒಂದು ವಾಕ್ಯ ಅದರಲ್ಲಿರಲಿ. 221ನೆಯ ಕಲಮು ಹೇಳುವ 'ವಿರುದ್ಧವಾದ ಕರಾರು' ಎಂದರೆ ಅದೇ. ನೀವು ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕುಸ್ವಾಮ್ಯ 1957ರ ಕಾಯ್ದೆಯ 17ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ನಿಮ್ಮದೇ. ಬರಹಕ್ಕೆ ಆ ರಕ್ಷಣೆಯಿಲ್ಲ. ಅದನ್ನು ನಿಮಗೆ ವರ್ಗಾಯಿಸಿರುವುದಾಗಿ ಬರೆಸಿಕೊಳ್ಳಬೇಕು, ಅವಧಿಯನ್ನೂ ನಮೂದಿಸಬೇಕು. ನಮೂದಿಸದಿದ್ದರೆ ಐದೇ ವರ್ಷವೆಂದು ಕಾಯ್ದೆ ತಿಳಿಯುತ್ತದೆ. ಮೊದಲ ಕರಾರು ಮೂರು ತಿಂಗಳಿಗಿರಲಿ, ವರ್ಷಕ್ಕೆ ಬೇಡ. ಏಜೆನ್ಸಿಯ ಅಚ್ಚಾದ ಕಾಗದದ ಕೊನೆಯಲ್ಲಿ, ತಂಟೆಗಳೆಲ್ಲ ತಮ್ಮ ನಗರದ ನ್ಯಾಯಾಲಯದಲ್ಲಿಯೇ ನಡೆಯತಕ್ಕದ್ದು ಎಂದಿರುತ್ತದೆ. ಅದನ್ನು ಹೊಡೆದು ಉಮರ್ಗಾ, ನಿಲಂಗಾ ಅಥವಾ ಉದಗೀರ ಎಂದು ಬರೆದು ಇಬ್ಬರೂ ಪಕ್ಕದಲ್ಲಿ ಸಹಿ ಮಾಡಿರಿ. ಎಂಟು ಸಾವಿರದ ಜಗಳಕ್ಕೆ ಪುಣೆಗೆ ಯಾರು ಓಡಾಡಬಲ್ಲರು?

ನಮ್ಮ ಬಟ್ಟೆ ವ್ಯಾಪಾರಿಗಳು ಯುಗಾದಿಯ ನಂತರ ಹೊಸ ಏಜೆನ್ಸಿ ಹಿಡಿದಿದ್ದಾರೆ, ಈ ಸಲ ಲಾತೂರಿನದು. ಓಟಿಪಿ ಬರುವ ಸಿಮ್ಮನ್ನು ಹಳೆಯ ಮೊಬೈಲಿಗೆ ಹಾಕಿ ಗಲ್ಲೆಯಲ್ಲಿ ಕೀಲಿಗೊಂಚಲಿನ ಪಕ್ಕ ಇಟ್ಟಿದ್ದಾರೆ. ಕನ್ನಡ ಬರಹಗಳು ಮಗಳ ಕಣ್ಣಿಗೆ ಬಿದ್ದ ಮೇಲೆಯೇ ಹೊರಗೆ ಹೋಗುತ್ತವೆ, ತಪ್ಪಿಗೊಂದು ರೂಪಾಯಿ ಅವಳಿಗೆ. ಅವರಿಗಾಗಿ ಬರೆದ ಕರಾರಿನ ಕರಡು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ನನ್ನ ಬಳಿ ಇದೆ. ಬೇಕಾದ ಪಾಲಕರು ಶನಿವಾರ ಸಂಜೆ ಕಚೇರಿಗೆ ಬಂದರೆ ಪ್ರತಿ ಕೊಡುತ್ತೇನೆ; ಝೆರಾಕ್ಸಿನ ಖರ್ಚು ಮಾತ್ರ ನಿಮ್ಮದು.