ಮಳೆ ಬಂದರೆ ಕೇಡೇ?

ಕೆಲಸಕ್ಕೆ ಸೇರಿದ ಹೊಸತು. ಅಮೆರಿಕದ ಕ್ಲೈಂಟ್ ಒಬ್ಬರು ಮೀಟಿಂಗ್‌ಗೆ ಬರಲಿಲ್ಲ. ‘ಅಂಡರ್ ದಿ ವೆದರ್’ ಇದ್ದೀನಿ ಅಂತ ಮೆಸೇಜ್ ಬಂತು. ನಾನು ಜಾಣನ ಹಾಗೆ, ‘ಇಲ್ಲೂ ಮೋಡ ಆಗಿದೆ ಸರ್’ ಅಂತ ಉತ್ತರ ಬರೆದೆ. ಪಕ್ಕದಲ್ಲಿದ್ದ ಗೆಳೆಯ ಬಿದ್ದು ಬಿದ್ದು ನಕ್ಕ. ಮೈಯಲ್ಲಿ ಹುಷಾರಿಲ್ಲ ಅನ್ನೋದಕ್ಕೆ ಅವರು ಹಾಗನ್ನುತ್ತಾರಂತೆ! ಮುಳವಾಡದ ಕನ್ನಡ ಶಾಲೆಯಲ್ಲಿ ಓದಿದವನಿಗೆ ಎಂಜಿನಿಯರಿಂಗ್ ಕಾಲೇಜೂ ಇದನ್ನು ಕಲಿಸಿರಲಿಲ್ಲ.

ಅವಮಾನ ಆಯ್ತು. ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ. ‘ರೇನ್ ಚೆಕ್’ ಅಂದರೆ ಈಗ ಬೇಡ, ಇನ್ನೊಮ್ಮೆ ನೋಡೋಣ ಅಂತ. ಅಮೆರಿಕದಲ್ಲಿ ಮಳೆಯಿಂದ ಬೇಸ್‌ಬಾಲ್ ಆಟ ನಿಂತರೆ ಇನ್ನೊಂದು ದಿನ ನೋಡಲು ಕೊಡುತ್ತಿದ್ದ ಚೀಟಿ ಅದು. ‘ಸ್ಟೀಲಿಂಗ್ ಥಂಡರ್’ ಅಂದರೆ ಇನ್ನೊಬ್ಬರ ಹೆಚ್ಚುಗಾರಿಕೆ ಕಸಿದುಕೊಳ್ಳುವುದು. 1709ರಲ್ಲಿ ಲಂಡನ್ನಿನ ಜಾನ್ ಡೆನ್ನಿಸ್ ತನ್ನ ನಾಟಕಕ್ಕೆ ಗುಡುಗಿನ ಸದ್ದು ಮಾಡುವ ಉಪಾಯ ಕಂಡುಹಿಡಿದ. ನಾಟಕ ಬೇಗ ನಿಂತುಹೋಯಿತು, ಗುಡುಗು ಮಾತ್ರ ಅಲ್ಲೇ ‘ಮ್ಯಾಕ್‌ಬೆತ್’ಗೆ ಬಳಕೆಯಾಯಿತು. ‘ನನ್ನ ಗುಡುಗು ಕದ್ದರು’ ಅಂತ ಕೂಗಾಡಿದನಂತೆ.

‘ರೇನಿ ಡೇ’ಗೆ ಹಣ ಕೂಡಿಡು ಅನ್ನೋದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಕಷ್ಟದ ದಿನಕ್ಕೆ ಅಂತ ಅರ್ಥ ಬಿಡಿಸಿದರೂ ಅಪ್ಪ ಒಪ್ಪಲಿಲ್ಲ.

“ಮಳಿ ಬಂದ ದಿನಕ್ಕ ರೊಕ್ಕ ಯಾಕ ಬೇಕೋ ತಮ್ಮಾ? ಮಳಿ ಬರಲಾರದ ದಿನಕ್ಕ ಬೇಕು.”

ಆಮೇಲೆ ಹುಡುಕಿ ನೋಡಿದೆ. ಲಂಡನ್ನಿಗೂ ನಮ್ಮ ವಿಜಯಪುರಕ್ಕೂ ವರ್ಷದ ಮಳೆ ಹೆಚ್ಚುಕಡಿಮೆ ಒಂದೇ, ಸುಮಾರು 600 ಮಿಲಿಮೀಟರ್! ಆದರೆ ಅಲ್ಲಿ ಹನ್ನೆರಡು ತಿಂಗಳೂ ಜಿಟಿಜಿಟಿ. ನಮ್ಮಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ನೊಳಗೆ ಬಿದ್ದು ಮುಗಿಯುತ್ತದೆ. ಅವರಿಗೆ ಮಳೆ ಕಿರಿಕಿರಿ, ನಮಗೆ ವರ್ಷದ ಅನ್ನ. ಕೃಷ್ಣೆಯ ನೀರು ಎತ್ತುವ ಏತ ನೀರಾವರಿ ಯೋಜನೆಗೆ ನಮ್ಮೂರಿನದೇ ಹೆಸರು. ಆದರೂ ಅಪ್ಪ ಎರಿಹೊಲದಲ್ಲಿ ನಿಂತು ಲೆಕ್ಕ ಹಾಕೋದು ಉತ್ತರಿ, ಹಸ್ತ, ಚಿತ್ತಿ ಅಂತಲೇ. ಹಿಂಗಾರಿ ಮಳೆ ಕೈಕೊಟ್ಟರೆ ಬಿಳಿಜೋಳ ಇಲ್ಲ, ಜೋಳ ಇಲ್ಲದಿದ್ದರೆ ದನಕ್ಕೆ ಕಣಿಕೆಯೂ ಇಲ್ಲ. ನನ್ನ ಕಾಲೇಜು ಫೀ ಕಟ್ಟಿದ್ದೂ ಆ ಜೋಳವೇ.

ಈ ಸಲ ಕಾದು ಕಾದು ಅಪ್ಪ ಫೋನಿನಲ್ಲಿ ಮಾತಾಡೋದೇ ಕಡಿಮೆ ಮಾಡಿದ್ದರು. ಮೊನ್ನೆ ಬೆಳಿಗ್ಗೆ ಅವರೇ ಮಾಡಿದರು. “ರಾತ್ರಿಯೆಲ್ಲಾ ಹೊಡೀತೋ ತಮ್ಮಾ. ಹದ ಬಂದ ಕೂಡಲೇ ಬಿತ್ತೋದು.”

ಸಂಜೆ ಕಾಲ್‌ನಲ್ಲಿ ಅದೇ ಕ್ಲೈಂಟ್ ಎಂದಿನಂತೆ ಹವೆಯ ಬಗ್ಗೆ ಕೇಳಿದರು. ‘ಪೋರಿಂಗ್ ಬ್ಯಾಕ್ ಹೋಮ್’ ಅಂದೆ.

‘ಓಹ್, ಸಾರಿ ಟು ಹಿಯರ್ ದಟ್.’

ಈ ಸಲ ನಗುವ ಸರದಿ ನನ್ನದು. ‘ನೋ ಸರ್, ಇಟ್ಸ್ ಗುಡ್ ನ್ಯೂಸ್’ ಅಂದು, ಅಪ್ಪನ ಹೊಲದ ಕತೆ ಹೇಳಿದೆ.

ನಿಮ್ಮ ಮಕ್ಕಳು ಮಳೆಯನ್ನು ಹೋಗು ಅನ್ನುವ ಇಂಗ್ಲಿಷ್ ಪದ್ಯ ಹಾಡಿದರೆ ಹಾಡಲಿ ಬಿಡಿ. ಜೊತೆಗೆ ನಮ್ಮ ಗಾದೆಯನ್ನೂ ಹೇಳಿಕೊಡಿ: ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ.