ತಕ್ಕಡಿಯ ತಪ್ಪೋ, ತೂಗುವವನ ತಪ್ಪೋ?



ಕಳೆದ ದಶಲಕ್ಷಣ ಪರ್ವದ ಒಂದು ಸಂಜೆ ನಮ್ಮೂರ ಬಸದಿಯ ಜಗಲಿಯ ಮೇಲೆ ಬಿರುಸಾದ ಚರ್ಚೆ ನಡೆಯಿತು. ಮೊಬೈಲಿನಲ್ಲಿ ಆಹಾರದ ಲೆಕ್ಕವಿಡುವ ಆ್ಯಪ್‌ಗಳೇ ಅದರ ವಿಷಯ. ಹಿರಿಯರೊಬ್ಬರು, "ಮೂರು ತಿಂಗಳು ಬರೆದೆ, ತೂಕ ಇಳಿಯಲಿಲ್ಲ, ಇದೆಲ್ಲ ಮೋಸ" ಎಂದರು. ತರುಣನೊಬ್ಬನು, "ನಿನ್ನೆ ನಾನು ತಿಂದದ್ದು ಸರಿಯಾಗಿ 1,437 ಕ್ಯಾಲೊರಿ" ಎಂದು ಬಿಡಿ ಅಂಕಿಯವರೆಗೂ ಹೇಳಿ ಬೀಗಿದನು. ಇಬ್ಬರೂ ತಪ್ಪಿದ್ದಾರೆಂಬುದೇ ನನ್ನ ವಾದ. ಒಬ್ಬರು ತಮ್ಮ ತಪ್ಪನ್ನು ಯಂತ್ರದ ಮೇಲೆ ಹೊರಿಸಿದರು. ಇನ್ನೊಬ್ಬನು ಯಂತ್ರ ತೋರಿಸಿದ್ದನ್ನೆಲ್ಲ ಆಗಮವಾಕ್ಯವೆಂದು ನಂಬಿದನು.

ನಾನೂ ಈ ತಪ್ಪಿಗೆ ಹೊರತಲ್ಲ. ವೈದ್ಯರ ಸಲಹೆಯಂತೆ ತೂಕ ಇಳಿಸಲು ನಾನೂ ಒಂದು ಆ್ಯಪ್ ಹಿಡಿದೆ. ಮೂರು ತಿಂಗಳ ಕೊನೆಯಲ್ಲಿ ನನ್ನ ಲೆಕ್ಕದ ಪ್ರಕಾರ ನಾಲ್ಕು ಕಿಲೋ ಇಳಿದಿರಬೇಕಿತ್ತು. ಇಳಿಯುವ ಬದಲು ಒಂದು ಕಿಲೋ ಏರಿತ್ತು. ನಾನು ಆ್ಯಪನ್ನು ದೂರಿದಾಗ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಒಗ್ಗರಣೆಯ ಎಣ್ಣೆಯನ್ನು ಎಲ್ಲಿ ಬರೆದಿದ್ದೀರಿ?" ಎಲ್ಲಿಯೂ ಬರೆದಿರಲಿಲ್ಲ. ನಲವತ್ತು ವರ್ಷ ಅಂಗಡಿಯ ಲೆಕ್ಕ ಬರೆದ ಕೈ ತನ್ನ ಊಟದ ಲೆಕ್ಕದಲ್ಲಿ ಖರ್ಚನ್ನೇ ಮುಚ್ಚಿಟ್ಟಿತ್ತು.

ವಾಣಿಜ್ಯಶಾಸ್ತ್ರ ಓದಿದವರಿಗೆಲ್ಲ ತಿಳಿದ ಮಾತೊಂದಿದೆ. ತಾಳೆ ಪಟ್ಟಿಯ ಎರಡು ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಶುದ್ಧವೆಂದು ಅರ್ಥವಲ್ಲ. ಬರೆಯದೇ ಬಿಟ್ಟ ವ್ಯವಹಾರವನ್ನು ಯಾವ ತಾಳೆ ಪಟ್ಟಿಯೂ ಹಿಡಿದುಕೊಡಲಾರದು. ಆ್ಯಪ್‌ನ ಸ್ಥಿತಿಯೂ ಅದೇ. ಕೊಟ್ಟದ್ದನ್ನು ಅದು ಕೂಡಿಸುತ್ತದೆ, ಬಚ್ಚಿಟ್ಟದ್ದನ್ನು ಹುಡುಕುವುದಿಲ್ಲ. ಇದು ಕೇವಲ ನನ್ನ ಅನುಭವವಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತಾವು ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯದೆಂದು ಹೇಳುತ್ತಿದ್ದ ಸ್ಥೂಲಕಾಯರನ್ನು ಅಲ್ಲಿ ಪರೀಕ್ಷಿಸಲಾಗಿತ್ತು. ಅವರು ತಿಂದದ್ದಕ್ಕಿಂತ ಸರಾಸರಿ ಶೇಕಡಾ 47ರಷ್ಟು ಕಡಿಮೆ ವರದಿ ಮಾಡಿದ್ದರು. ಆಗ ಕೈಯಲ್ಲಿ ಆ್ಯಪ್ ಇರಲಿಲ್ಲ, ಕಾಗದವಿತ್ತು. ಸಾಧನ ಬದಲಾಗಿದೆ, ಮನುಷ್ಯನು ಬದಲಾಗಿಲ್ಲ.

ತಪ್ಪುಗಳು ನುಸುಳುವ ಬಾಗಿಲುಗಳು ಮುಖ್ಯವಾಗಿ ಮೂರು.

ಮೊದಲನೆಯದು ಹಸಿ ಮತ್ತು ಬೆಂದ ಪದಾರ್ಥದ ಗೊಂದಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ಅದೇ ಅಕ್ಕಿ ನೀರು ಕುಡಿದು ಅನ್ನವಾದಾಗ ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ. ಆಗ 100 ಗ್ರಾಂ ಅನ್ನಕ್ಕೆ ಸುಮಾರು 130 ಮಾತ್ರ. ಅಕ್ಕಿಯನ್ನು ತೂಗಿ ಅನ್ನದ ಹೆಸರಿನಲ್ಲಿ ಬರೆದರೆ ಲೆಕ್ಕ ಮೂರನೆಯ ಒಂದು ಭಾಗಕ್ಕೆ ಕುಸಿಯುತ್ತದೆ.

ಎರಡನೆಯದು ಎಣ್ಣೆ ಮತ್ತು ತುಪ್ಪ. ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲೊರಿಯಾದರೆ ಜಿಡ್ಡಿಗೆ 9. ನಾಲ್ವರ ಪಲ್ಯಕ್ಕೆ 60 ಗ್ರಾಂ ಎಣ್ಣೆ ಸುರಿದರೆ ತಲೆಗೆ 15 ಗ್ರಾಂ, ಅಂದರೆ 135 ಕ್ಯಾಲೊರಿ. "ಬರೀ ಪಲ್ಯ" ಎಂದು ಬರೆದವನು ಇದನ್ನು ನುಂಗಿ ನೀರು ಕುಡಿದಂತೆಯೇ.

ಮೂರನೆಯದು ಪರರು ಬರೆದ ನಮೂದು. ಅನೇಕ ಆ್ಯಪ್‌ಗಳಲ್ಲಿ ಬಳಕೆದಾರರೇ ಪದಾರ್ಥಗಳ ವಿವರ ಸೇರಿಸಬಹುದು. "ಸಾಂಬಾರು, ಒಂದು ಬಟ್ಟಲು" ಎಂದಿದ್ದರೆ ಅದು ಯಾರ ಮನೆಯ ಸಾಂಬಾರು, ಯಾವ ಅಳತೆಯ ಬಟ್ಟಲು? ಅದರಲ್ಲಿ ಈರುಳ್ಳಿ, ಆಲೂಗಡ್ಡೆ ಇದ್ದೀತು. ನಮ್ಮ ಅಡುಗೆಮನೆಯಲ್ಲಿ ಅವು ಇಲ್ಲ. ನಾವು ತಿನ್ನದೇ ಇರುವುದನ್ನು ತಿಂದೆವೆಂದು ಬರೆದುಕೊಳ್ಳುವ ವಿಚಿತ್ರ ಇದು.

ಪರಿಹಾರವೇನು? ಮನೆಯಲ್ಲಿ ಒಂದು ಸಣ್ಣ ತಕ್ಕಡಿ ಇರಲಿ. ಪದಾರ್ಥವನ್ನು ಹಸಿಯಾಗಿರುವಾಗಲೇ ತೂಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಆಹಾರ ಪದಾರ್ಥಗಳ ವಿವರವಿದೆ. ಅದನ್ನು ಆಧರಿಸಿದ ನಮೂದುಗಳನ್ನೇ ಆರಿಸಬೇಕು. ಖಾಲಿ ಪಾತ್ರೆಯನ್ನೂ, ಅಡುಗೆಯಾದ ಮೇಲೆ ತುಂಬಿದ ಪಾತ್ರೆಯನ್ನೂ ತೂಗಬೇಕು. 200 ಗ್ರಾಂ ತೊಗರಿಬೇಳೆಗೆ ಸುಮಾರು 660, 30 ಗ್ರಾಂ ತುಪ್ಪಕ್ಕೆ 270, ಒಟ್ಟು 930 ಕ್ಯಾಲೊರಿ ಎಂದಿಟ್ಟುಕೊಳ್ಳಿ. ಬೆಂದ ತೊವ್ವೆ 1,200 ಗ್ರಾಂ ತೂಗಿದರೆ 100 ಗ್ರಾಂಗೆ 77 ಚಿಲ್ಲರೆ. ಬಡಿಸಿಕೊಂಡದ್ದು 150 ಗ್ರಾಂ ಆದರೆ ಸುಮಾರು 116. ಒಮ್ಮೆ ಈ ಪಾಕವನ್ನು ಆ್ಯಪ್‌ನಲ್ಲಿ ಬರೆದಿಟ್ಟರೆ, ಅಳತೆ ಬದಲಾಗದಿರುವವರೆಗೆ ಅದೇ ಸಾಕು. ಯಾವ ಅಪರಿಚಿತ ನಮೂದನ್ನಾದರೂ ಸ್ವೀಕರಿಸುವ ಮುನ್ನ ಪಿಷ್ಟ ಮತ್ತು ಪ್ರೋಟೀನನ್ನು 4ರಿಂದ, ಜಿಡ್ಡನ್ನು 9ರಿಂದ ಗುಣಿಸಿ ಕೂಡಿಸಿರಿ. ನಾರಿನಂಶದಿಂದ ಸ್ವಲ್ಪ ವ್ಯತ್ಯಾಸ ಬರಬಹುದು. ಅಜಗಜಾಂತರ ಕಂಡರೆ ಆ ನಮೂದನ್ನು ಬಿಟ್ಟುಬಿಡಿರಿ.

ಇಷ್ಟಾದರೂ ಬರುವುದು ಅಂದಾಜೇ. 4, 4, 9 ಎಂಬುವೇ ಸರಾಸರಿಗಳು. ಬೆಳೆಯ ತಳಿ, ನೆಲ, ಹದ ಇವುಗಳಂತೆ ಸತ್ವ ಬದಲಾಗುತ್ತದೆ. ಆದಕಾರಣ 1,437 ಎಂಬ ಹೆಮ್ಮೆ ಸಲ್ಲದು. ವಾರದ ಸರಾಸರಿಯನ್ನು ನೋಡಬೇಕು. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಉಪವಾಸದ ದಿನ ಪುಟವನ್ನು ಖಾಲಿ ಬಿಟ್ಟರೆ ಅದು ವ್ರತವೋ ಮರೆವೋ ಎಂಬುದು ಯಂತ್ರಕ್ಕೆ ತಿಳಿಯದು, ಸೊನ್ನೆಯೆಂದೇ ಬರೆಯಬೇಕು. ಮರುದಿನದ ಪಾರಣೆಯ ಹೋಳಿಗೆಯನ್ನೂ ಅಷ್ಟೇ ನಿಷ್ಠೆಯಿಂದ ಬರೆಯಬೇಕು. ರಸಪರಿತ್ಯಾಗದಲ್ಲಿ ತುಪ್ಪ ಬಿಟ್ಟ ದಿನ ಎಂದಿನ ಪಾಕದಿಂದ ತುಪ್ಪವನ್ನು ಕಳೆಯಬೇಕು.

"ಅನ್ನವನ್ನು ತೂಗಿ ತಿನ್ನುವುದು ದೇಹದ ಮೋಹವಲ್ಲವೇ?" ಎಂದು ಕೆಲವರು ಆಕ್ಷೇಪಿಸುತ್ತಾರೆ. ಮುನಿಗಳ ಆಹಾರದಾನದ ಚೌಕಕ್ಕೆ ತಕ್ಕಡಿ ತನ್ನಿರೆಂದು ನಾನು ಹೇಳುತ್ತಿಲ್ಲ. ಬಡಿಸಿದ ತಟ್ಟೆಯ ಮುಂದೆ ಚಿಂತೆ ಮಾಡಿರೆಂದೂ ಹೇಳುತ್ತಿಲ್ಲ. ಆದರೆ ಶ್ರಾವಕನಿಗೆ ಭೋಗೋಪಭೋಗ ಪರಿಮಾಣ ವ್ರತವನ್ನು ವಿಧಿಸಿದ ಧರ್ಮದಲ್ಲಿ ಪರಿಮಾಣವೆಂಬ ಮಾತೇ ಅನ್ಯವೆಂದರೆ ಹೇಗೆ? ಹೊಟ್ಟೆ ತುಂಬುವ ಮೊದಲೇ ಏಳುವ ಅವಮೌದರ್ಯವನ್ನು ತಪಸ್ಸೆಂದು ಎಣಿಸಿದವರು ನಾವು. ಎಷ್ಟು ತಿಂದೆವೆಂಬುದರ ಅರಿವೇ ಇಲ್ಲದವನು ಎಷ್ಟು ಬಿಟ್ಟೆನೆಂದು ಹೇಗೆ ಹೇಳಿಯಾನು?

ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು, ಅಚೌರ್ಯ ವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಸತ್ಯವ್ರತದ ಅತಿಚಾರ. ಅಂಗಡಿಯಲ್ಲಿ ಗಿರಾಕಿಗೆ ಮಾಡಲಾರದ ಮೋಸವನ್ನು ನಾವು ನಮ್ಮ ದೇಹಕ್ಕೆ, ನಮ್ಮ ವೈದ್ಯರಿಗೆ ದಿನವೂ ಮಾಡುತ್ತಿದ್ದೇವೆ. ಆ ಸುಳ್ಳು ಲೆಕ್ಕವನ್ನು ನಂಬಿ ವೈದ್ಯರು ಸಲಹೆ ಕೊಟ್ಟರೆ ಅದರ ಫಲವನ್ನು ಉಣ್ಣುವವರು ನಾವೇ.

ಕೊನೆಯದಾಗಿ ಬಸದಿಗಳ ಟ್ರಸ್ಟಿಗಳಲ್ಲಿ ಒಂದು ವಿನಂತಿ. ನಮ್ಮ ಭೋಜನಶಾಲೆಗಳಲ್ಲಿ ಸಕ್ಕರೆ ಕಾಯಿಲೆಯವರು, ಹೃದ್ರೋಗಿಗಳು ಭಕ್ತಿಯಿಂದ ಕುಳಿತು ಉಣ್ಣುತ್ತಾರೆ. ಇಷ್ಟು ಜನರ ಅಡುಗೆಗೆ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಎಣ್ಣೆ, ಇಷ್ಟು ಬೆಲ್ಲ ಎಂಬ ವಿವರ ಉಗ್ರಾಣದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ದಾನಿಗಳ ಹೆಸರು ಬರೆಯುವ ಹಲಗೆಯ ಪಕ್ಕದಲ್ಲಿ ಅದನ್ನೂ ನಾಲ್ಕು ಸಾಲು ಬರೆದು ಹಾಕಿದರೆ ಖರ್ಚೇನೂ ಇಲ್ಲ. ಬಸದಿಯ ಜಮಾಖರ್ಚನ್ನು ಸಮಾಜದ ಮುಂದಿಡುವ ನಾವು ಎಲೆಯ ಮೇಲಿನ ಜಮಾಖರ್ಚನ್ನು ಏಕೆ ಮುಚ್ಚಿಡಬೇಕು? ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ದಯವಿಟ್ಟು ಎತ್ತಿಕೊಳ್ಳಿರಿ.